ಡ್ರಿಲ್ ಮೇಷ್ಟರ ಗುರುಪರಂಪರೆ

ಶೃಂಗೇರಿಯ ನೆರೆಯವರಾದ ನಮಗೆ ಗುರುಪರಂಪರೆಯೆಂಬ ಮಾತು ಹೊಸದಲ್ಲ. ಆದರೆ ಶಾಲೆಯ ಡ್ರಿಲ್ ಮೇಷ್ಟರಿಗೂ ಒಂದು ಗುರುಪರಂಪರೆಯುಂಟೆಂದರೆ ವಾಚಕರು ನಕ್ಕಾರು. ನಾನೂ ಒಮ್ಮೆ ನಕ್ಕವನೇ.

ಕೊಪ್ಪದ ಸೀಮೆಯಲ್ಲಿ ನಾನು ಓದುತ್ತಿದ್ದಾಗ ನಮ್ಮ ಡ್ರಿಲ್ ಮೇಷ್ಟರು ಮದರಾಸಿನಲ್ಲಿ ತರಬೇತಿ ಪಡೆದು ಬಂದವರು. ಮಳೆಗಾಲದಲ್ಲಿ ಅವರ ಮೈದಾನ ಕೆಸರುಗದ್ದೆ. ಮಳೆ ಬಿಟ್ಟು ಪರೀಕ್ಷೆ ಹತ್ತಿರವಾದರೆ ಅವರ ಪೀರಿಯಡ್ಡು ಗಣಿತದ ಪಾಲು. ಸೀಟಿಯನ್ನು ಜೇಬಿಗಿಳಿಸಿ, “ಆಗಲಿ, ನಾವು ಬಕ್ ಸಾಹೇಬರ ಕಾಲೇಜಿನವರು” ಎನ್ನುತ್ತಿದ್ದರು. ಬಕ್ ಸಾಹೇಬರು ಯಾರೆಂದು ನಾವಾರೂ ಕೇಳಲಿಲ್ಲ.

ಕತೆ ಅಮೆರಿಕದ ಸ್ಪ್ರಿಂಗ್‌ಫೀಲ್ಡ್ ಎಂಬ ಊರಿನದು. ಅಲ್ಲಿನ ವೈ.ಎಂ.ಸಿ.ಎ. ತರಬೇತಿ ಶಾಲೆಗೆ 1890ರಲ್ಲಿ ಏಮಸ್ ಅಲೊಂಜೊ ಸ್ಟ್ಯಾಗ್ ಎಂಬ ತರುಣ ಬಂದನು. ಯೇಲ್ ಕಾಲೇಜಿನಲ್ಲಿ ಬೇಸ್‌ಬಾಲ್, ಫುಟ್‌ಬಾಲ್ ಎರಡರಲ್ಲೂ ಹೆಸರಾದವನು. ಈ ಫುಟ್‌ಬಾಲ್ ನಮ್ಮದಲ್ಲ. ಚೆಂಡನ್ನು ಕೈಯಲ್ಲಿ ಹಿಡಿದು ನುಗ್ಗುವ ಅಮೆರಿಕದ ಆಟ. ಸ್ಟ್ಯಾಗ್ ಪಾದ್ರಿಯಾಗಬೇಕೆಂದು ಹೊರಟಿದ್ದನು. ಉಪದೇಶಕ್ಕೆ ತಕ್ಕ ಮಾತು ತನಗೆ ಬಾರದೆಂದು ತಿಳಿದು, ಮೈದಾನವನ್ನೇ ವೇದಿಕೆ ಮಾಡಿಕೊಂಡನು. ಮುಂದೆ 1892ರಿಂದ ನಾಲ್ವತ್ತು ವರ್ಷಗಳ ಕಾಲ ಷಿಕಾಗೊ ವಿಶ್ವವಿದ್ಯಾನಿಲಯದಲ್ಲಿ ಫುಟ್‌ಬಾಲ್ ಕಲಿಸಿದನು. 1965ರಲ್ಲಿ ತೀರಿಕೊಂಡಾಗ ನೂರು ದಾಟಿತ್ತು.

ಸ್ಪ್ರಿಂಗ್‌ಫೀಲ್ಡಿನಲ್ಲಿ ಅವನ ತಂಡದಲ್ಲಿ ಆಡಿದವನು ಕೆನಡದ ಜೇಮ್ಸ್ ನೈಸ್ಮಿತ್. 1891ರ ಡಿಸೆಂಬರಿನಲ್ಲಿ, ಹೊರಗೆ ಆಡಲಾಗದ ಚಳಿಗೆ ಬೇಸತ್ತ ಹುಡುಗರಿಗಾಗಿ ಇವನು ಪೀಚ್ ಹಣ್ಣಿನ ಎರಡು ಬುಟ್ಟಿಗಳನ್ನು ಎತ್ತರದಲ್ಲಿ ಕಟ್ಟಿಸಿದನು, ಬ್ಯಾಸ್ಕೆಟ್‌ಬಾಲ್ ಹುಟ್ಟಿತು. ಅದೇ ಶಾಲೆಯಲ್ಲಿ ಕಲಿತ ವಿಲಿಯಂ ಮಾರ್ಗನ್, ಅಷ್ಟು ಓಡಲಾರದ ನಡುವಯಸ್ಸಿನವರಿಗೆಂದು 1895ರಲ್ಲಿ ನೆರೆಯ ಹೋಲಿಯೋಕಿನಲ್ಲಿ ಹೊಸದೊಂದು ಆಟ ಹೂಡಿದನು. ಅದೇ ವಾಲಿಬಾಲ್.

ಪೆನ್ಸಿಲ್ವೇನಿಯದಲ್ಲಿ 1884ರಲ್ಲಿ ಹುಟ್ಟಿದ ಹ್ಯಾರಿ ಕ್ರೋ ಬಕ್ ಕೂಡ ಸ್ಪ್ರಿಂಗ್‌ಫೀಲ್ಡಿನಲ್ಲಿ ಕಲಿತವರು. ಅವರು ಮದರಾಸಿಗೆ ಬಂದು 1920ರಲ್ಲಿ ವೈ.ಎಂ.ಸಿ.ಎ. ದೈಹಿಕ ಶಿಕ್ಷಣ ಕಾಲೇಜನ್ನು ಸ್ಥಾಪಿಸಿದರು. 1924ರ ಪ್ಯಾರಿಸ್ ಒಲಿಂಪಿಕ್ಸಿಗೆ ಹೋದ ಭಾರತದ ತಂಡಕ್ಕೆ ಅವರೇ ವ್ಯವಸ್ಥಾಪಕರು. ದೊರಾಬ್ಜಿ ಟಾಟಾ, ಡಾಕ್ಟರ್ ನೋರೆನ್ ಮೊದಲಾದವರೊಡನೆ ಅವರು ದುಡಿದುದರ ಫಲವಾಗಿ 1927ರಲ್ಲಿ ಭಾರತೀಯ ಒಲಿಂಪಿಕ್ ಸಂಸ್ಥೆ ನೆಲೆಗೊಂಡಿತು. 1943ರಲ್ಲಿ ಅವರು ತೀರಿಕೊಂಡರು. ಅವರ ಕಾಲೇಜಿನಲ್ಲಿ ಕಲಿತವರು ದಕ್ಷಿಣದ ಶಾಲೆ ಶಾಲೆಗೂ ಸೀಟಿಯನ್ನು ಕೊಂಡೊಯ್ದರು. ಅಂಥ ಒಂದು ಸೀಟಿ ನಮ್ಮ ಕೊಪ್ಪಕ್ಕೂ ಬಂದಿತ್ತು.

ಕಳೆದ ಬೇಸಗೆಯಲ್ಲಿ ನರಸಿಂಹರಾಜಪುರದ ಬಳಿ ಒಂದು ಹಳ್ಳಿಗೆ ಹೋಗಿದ್ದೆ. ಅಡಿಕೆ ಮರದ ಕಂಬಗಳಿಗೆ ಬಲೆ ಬಿಗಿದು, ದೀಪ ಕಟ್ಟಿ, ನಡುರಾತ್ರಿಯವರೆಗೆ ವಾಲಿಬಾಲ್ ಪಂದ್ಯ. ತೋಟದ ಆಳು, ತೋಟದ ಯಜಮಾನ ಒಂದೇ ಬದಿಯಲ್ಲಿ ನಿಂತಿದ್ದರು. ಯಜಮಾನ ಚೆಂಡು ಬಿಟ್ಟಾಗ ಆಳು ಗದರಿದ. ಯಜಮಾನ ತಲೆ ತಗ್ಗಿಸಿ ನಕ್ಕ. ಗದ್ದೆಯಲ್ಲಿ, ತೋಟದಲ್ಲಿ ನಾನು ಎಂದೂ ಕಾಣದ ನೋಟವದು.

ಮನೆಗೆ ಬಂದು ಮಲಗಿದರೆ ನಿದ್ರೆ ಹತ್ತಲಿಲ್ಲ. ಪರೀಕ್ಷೆಯ ಮುನ್ನ, ಹಳಗನ್ನಡ ವ್ಯಾಕರಣ ಮುಗಿದಿಲ್ಲವೆಂದು, ನಮ್ಮ ಕಾಲೇಜಿನ ದೈಹಿಕ ಶಿಕ್ಷಕರಿಂದ ಎರಡು ಪೀರಿಯಡ್ಡು ಕೇಳಿ ಪಡೆದವನು ನಾನೇ. ಅವರು ಮರುಮಾತಾಡದೆ ಕೊಟ್ಟರು, ಸೀಟಿ ಜೇಬಿಗಿಳಿಯಿತು. ಸಂಧಿ ಸಮಾಸಗಳನ್ನು ಆ ಹುಡುಗರು ಈಗಾಗಲೇ ಮರೆತಿದ್ದಾರೆ. ಕಾಲೇಜು ತೆರೆದೊಡನೆ ನನ್ನ ಎರಡು ಪೀರಿಯಡ್ಡುಗಳನ್ನು ಅವರಿಗೆ ಹಿಂದಿರುಗಿಸಬೇಕು. ಸಾಲ ಸಾಲವೇ.