ಮೈಲಾರ ಮಹಾದೇವಪ್ಪ

ಮೈಲಾರ ಮಹಾದೇವಪ್ಪ (1911–1943): ಸ್ವಾತಂತ್ರ್ಯ ಹೋರಾಟಗಾರ, ಕ್ವಿಟ್ ಇಂಡಿಯಾ ಚಳವಳಿಯ ಹುತಾತ್ಮ. ಉಪ್ಪಿನ ಸತ್ಯಾಗ್ರಹ ಮತ್ತು 1942ರ ಭೂಗತ ಹೋರಾಟ ಎರಡರಲ್ಲೂ ಮುಂಚೂಣಿಯಲ್ಲಿದ್ದ ಇವರ ಬದುಕಿನಲ್ಲಿ ಕರ್ನಾಟಕದ ಪ್ರತಿರೋಧದ ಎರಡು ಹಂತಗಳು ಒಟ್ಟಿಗೆ ಕಾಣುತ್ತವೆ.

ಹುಟ್ಟೂರು ಇಂದಿನ ಹಾವೇರಿ ಜಿಲ್ಲೆಯ ಮೋಟೆಬೆನ್ನೂರು. ತಂದೆ ಮಾರ್ತಾಂಡಪ್ಪ, ತಾಯಿ ಬಸಮ್ಮ. ಎಳೆಯ ವಯಸ್ಸಿನಲ್ಲೇ ಖಾದಿಯತ್ತ ಒಲಿದ ಇವರು ಸಾಬರಮತಿ ಆಶ್ರಮ ಸೇರಿದರು. 1930ರ ಮಾರ್ಚ್ 12ರಂದು ಗಾಂಧೀಜಿ ದಂಡಿಗೆ ಹೊರಟಾಗ ಆಯ್ದ 78 ಸತ್ಯಾಗ್ರಹಿಗಳಲ್ಲಿ ಇವರೊಬ್ಬರೇ ಕನ್ನಡಿಗರು. ಆಗ ವಯಸ್ಸು 18. ಪತ್ನಿ ಸಿದ್ದಮ್ಮನವರೂ ಆಶ್ರಮದಲ್ಲಿದ್ದು, ಸತ್ಯಾಗ್ರಹದಲ್ಲಿ ಪಾಲ್ಗೊಂಡು ಸೆರೆವಾಸ ಅನುಭವಿಸಿದರು. ಊರಿಗೆ ಮರಳಿದ ಮಹಾದೇವಪ್ಪ ಹಳ್ಳಿಗಳಲ್ಲಿ ಖಾದಿ ಪ್ರಚಾರಕ್ಕೆ ತೊಡಗಿದರು.

1942ರ ಆಗಸ್ಟ್‌ನಲ್ಲಿ ಕಾಂಗ್ರೆಸ್ಸಿನ ಬಹುತೇಕ ನಾಯಕರು ಬಂಧಿತರಾದ ಮೇಲೆ ಹೋರಾಟ ಸ್ಥಳೀಯ ಯುವಕರ ಕೈಗೆ ಬಂತು. ಮಹಾದೇವಪ್ಪ ತಂಡ ಕಟ್ಟಿ ಭೂಗತರಾದರು. ರೈಲು ನಿಲ್ದಾಣ, ಚಾವಡಿಯ ದಫ್ತರ, ಟಪಾಲು ಚೀಲಗಳು ತಂಡದ ಗುರಿಯಾದವು. ಆಡಳಿತದ ಸಾಧನಗಳನ್ನು ಕೆಡಿಸಬೇಕು, ಮನುಷ್ಯರ ಜೀವಕ್ಕೆ ಕೈಹಚ್ಚಬಾರದು ಎಂಬುದು ಅವರು ಪಾಲಿಸಿದ ಕಟ್ಟು. ಗುಟ್ಟಿನ ಕಾರ್ಯಾಚರಣೆಯನ್ನೂ ಆಸ್ತಿನಾಶವನ್ನೂ ಗಾಂಧೀಜಿ ಒಪ್ಪಲಿಲ್ಲ. ಆದರೆ ಬಹಿರಂಗ ಸತ್ಯಾಗ್ರಹಕ್ಕೆ ಎಡೆಯೇ ಉಳಿಯದಿದ್ದ ಆ ತಿಂಗಳುಗಳಲ್ಲಿ ಅನೇಕ ಕಾರ್ಯಕರ್ತರು ಇದನ್ನೂ ಅಹಿಂಸೆಯ ಮಿತಿಯೊಳಗಿನ ಮಾರ್ಗವೆಂದೇ ನಂಬಿದರು. ಅದೇ ವರ್ಷ ಶಿಕಾರಿಪುರ ತಾಲ್ಲೂಕಿನ ಈಸೂರಿನಲ್ಲಿ ಜನರಿಗೂ ಅಧಿಕಾರಿಗಳಿಗೂ ಘರ್ಷಣೆಯಾಗಿ ಅಮಲ್ದಾರ ಮತ್ತು ಪೊಲೀಸ್ ಅಧಿಕಾರಿ ಸತ್ತರು. ಆ ಪ್ರಕರಣದಲ್ಲಿ ಐವರು ಗ್ರಾಮಸ್ಥರನ್ನು ಗಲ್ಲಿಗೇರಿಸಲಾಯಿತು. ಜನರ ಸಿಟ್ಟು ಅಷ್ಟು ಬೇಗ ಹೊತ್ತಿಕೊಳ್ಳುತ್ತಿದ್ದ ಕಾಲದಲ್ಲಿ ಮಹಾದೇವಪ್ಪನವರ ಕಟ್ಟಿನ ಬೆಲೆ ದೊಡ್ಡದು.

1943ರ ಏಪ್ರಿಲ್ 1ರಂದು ಹಾವೇರಿ ಬಳಿಯ ಹೊಸರಿತ್ತಿಯಲ್ಲಿ, ವೀರಭದ್ರ ದೇವಾಲಯದಲ್ಲಿ ಇರಿಸಿದ್ದ ಸರ್ಕಾರಿ ಕಂದಾಯದ ಹಣವನ್ನು ವಶಪಡಿಸಿಕೊಳ್ಳಲು ತಂಡ ಮುಂದಾಯಿತು. ಕಾವಲು ಪೊಲೀಸರ ಗುಂಡಿಗೆ ಮಹಾದೇವಪ್ಪ, ತಿರಕಪ್ಪ ಮಡಿವಾಳರ ಮತ್ತು ವೀರಯ್ಯ ಹಿರೇಮಠ ಬಲಿಯಾದರು. ಮಹಾದೇವಪ್ಪನವರಿಗೆ ಆಗ 31 ವರ್ಷ.

ಹಾವೇರಿಯಲ್ಲಿ ಇವರ ನೆನಪಿಗೆ ವೀರಸೌಧವಿದೆ. ಅಲ್ಲಿನ ರೈಲು ನಿಲ್ದಾಣಕ್ಕೂ ಇವರ ಹೆಸರಿಡಲಾಗಿದೆ. 2018ರಲ್ಲಿ ಅಂಚೆ ಇಲಾಖೆ ಇವರ ಸ್ಮರಣಾರ್ಥ ಅಂಚೆಚೀಟಿ ಹೊರತಂದಿತು. ಉಪವಾಸ, ಪಾದಯಾತ್ರೆಗಳಷ್ಟನ್ನೇ ಅಹಿಂಸೆಯ ಚರಿತ್ರೆ ಎಂದು ಬಗೆದರೆ ಇಂಥವರ ಪಾಲು ಬಿಟ್ಟುಹೋಗುತ್ತದೆ. ಸೆರೆ, ಭೂಗತ ಬದುಕು, ಗುಂಡು ಎಲ್ಲವನ್ನೂ ಎದುರಿಸುತ್ತಲೇ ಎದುರಾಳಿಯ ಜೀವವನ್ನು ಕಾಯ್ದುಕೊಂಡ ಸಂಯಮವೂ ಆ ಚರಿತ್ರೆಯ ಭಾಗವೇ.