ಸೇನಾಪತಿಯ ಎರಡನೆಯ ಬದುಕು: ಫೀಲ್ಡ್ ಮಾರ್ಷಲ್ ಕಾರ್ಯಪ್ಪ

ದಂಡನಾಯಕನೇ ಮಂತ್ರಿಯೂ ಆಗುವುದು ಕನ್ನಡ ನಾಡಿನ ಇತಿಹಾಸಕ್ಕೆ ಹೊಸದಲ್ಲ. ಗಂಗರ ಚಾವುಂಡರಾಯ, ಹೊಯ್ಸಳರ ಗಂಗರಾಜ ಇಬ್ಬರೂ ಕತ್ತಿ ಹಿಡಿದ ಕೈಯಿಂದಲೇ ರಾಜ್ಯಭಾರಕ್ಕೂ ಹೆಗಲು ಕೊಟ್ಟವರು. ಅರಸೊತ್ತಿಗೆ ಹೋಗಿ ಪ್ರಜೆಗಳೇ ಪ್ರಭುಗಳಾದ ಮೇಲೆ ನಿವೃತ್ತ ಸೇನಾಪತಿಗೆ ಸಲ್ಲುವ ಸ್ಥಾನ ಯಾವುದು? ಸ್ವತಂತ್ರ ಭಾರತದಲ್ಲಿ ಈ ಪ್ರಶ್ನೆಯನ್ನು ಮೊದಲು ಎದುರಿಸಿದವರು ಕೊಡಗಿನ ಕೊಡಂದೇರ ಮಾದಪ್ಪ ಕಾರ್ಯಪ್ಪನವರು.

ಶನಿವಾರಸಂತೆಯಲ್ಲಿ ಹುಟ್ಟಿ, ಮಡಿಕೇರಿಯಲ್ಲಿಯೂ ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿಯೂ ಓದಿದ ಕಾರ್ಯಪ್ಪನವರು 1919ರಲ್ಲಿ ಸೈನ್ಯದ ಅಧಿಕಾರಿಯಾದರು. ಬೆಟಾಲಿಯನ್ ಒಂದರ ನಾಯಕತ್ವ ವಹಿಸಿದ ಮೊದಲ ಭಾರತೀಯರು ಅವರೇ. 1948ರ ಕಾಶ್ಮೀರ ಕಾರ್ಯಾಚರಣೆಯಲ್ಲಿ ಪಶ್ಚಿಮ ವಲಯದ ದಂಡಿನ ಹೊಣೆ ಅವರದಾಗಿತ್ತು. 1949ರ ಜನವರಿ 15ರಂದು ಜನರಲ್ ರಾಯ್ ಬುಚರ್ ಅವರಿಂದ ಭೂಸೇನೆಯ ಅಧಿಕಾರ ಸ್ವೀಕರಿಸಿ, ಆ ಸ್ಥಾನಕ್ಕೇರಿದ ಮೊದಲ ಭಾರತೀಯರೆನಿಸಿದರು. ಆ ದಿನವನ್ನೇ ನಾವಿಂದು ಸೇನಾ ದಿನವೆಂದು ಆಚರಿಸುತ್ತೇವೆ.

ಕಾರ್ಯಪ್ಪನವರು ಮನಸ್ಸಿನಲ್ಲಿದ್ದುದನ್ನು ಮುಚ್ಚಿಡುವವರಲ್ಲ. ಸೈನ್ಯಕ್ಕೆ ಸಂಬಂಧಿಸದ ವಿಷಯಗಳ ಮೇಲೂ ಅವರು ಭಾಷಣ ಮಾಡುತ್ತಿದ್ದುದನ್ನು ಕಂಡು, ಪತ್ರಿಕಾಗೋಷ್ಠಿಗಳನ್ನು ಕಡಿಮೆ ಮಾಡುವಂತೆ 1952ರಲ್ಲಿ ಪ್ರಧಾನಿ ನೆಹರೂ ಅವರೇ ಪತ್ರ ಬರೆಯಬೇಕಾಯಿತು. 1953ರ ಜನವರಿಯಲ್ಲಿ ನಿವೃತ್ತರಾದವರನ್ನು ಸರ್ಕಾರ ಆಸ್ಟ್ರೇಲಿಯ ಮತ್ತು ನ್ಯೂಜಿಲೆಂಡುಗಳಿಗೆ ಹೈಕಮಿಷನರ್ ಆಗಿ ಕಳುಹಿಸಿತು. ಅಲ್ಲಿಯೂ ಅವರು ಸುಮ್ಮನಿರಲಿಲ್ಲ. ಮೈಬಣ್ಣ ನೋಡಿ ವಲಸಿಗರನ್ನು ತಡೆಯುತ್ತಿದ್ದ 'ಬಿಳಿಯ ಆಸ್ಟ್ರೇಲಿಯ' ನೀತಿಯನ್ನು ಬಹಿರಂಗವಾಗಿ ಟೀಕಿಸಿ ಅಲ್ಲಿನ ಪತ್ರಿಕೆಗಳಲ್ಲಿ ಬಿರುಸಾದ ಚರ್ಚೆಗೆ ಕಾರಣರಾದರು. ರಾಯಭಾರಿಯ ನಯಕ್ಕಿಂತ ಯೋಧನ ನೇರನುಡಿಯೇ ಮುಂದಾಯಿತು.

ಇದೇ ಕಾಲದಲ್ಲಿ ನೆರೆಯ ದೇಶದಲ್ಲಿ ಬೇರೆಯೇ ಕಥೆ ನಡೆಯುತ್ತಿತ್ತು. ಅವಿಭಜಿತ ಸೈನ್ಯದಲ್ಲಿ ಕಾರ್ಯಪ್ಪನವರ ಕೈಕೆಳಗೆ ದುಡಿದಿದ್ದ ಅಯೂಬ್ ಖಾನ್, ಸೇನಾಪತಿಯ ಸಮವಸ್ತ್ರ ಕಳಚದೆಯೇ 1954ರಲ್ಲಿ ಪಾಕಿಸ್ತಾನದ ರಕ್ಷಣಾ ಮಂತ್ರಿಯಾದರು. 1958ರಲ್ಲಿ ದೇಶದ ಸರ್ವಾಧಿಕಾರಿಯೇ ಆದರು. ಒಂದೇ ಗರಡಿಯಲ್ಲಿ ಪಳಗಿದ ಇಬ್ಬರು ಹಿಡಿದ ದಾರಿಗಳಿವು. 1965ರ ಯುದ್ಧದಲ್ಲಿ ಕಾರ್ಯಪ್ಪನವರ ಮಗ, ವಾಯುಪಡೆಯ ನಂದಾ ಕಾರ್ಯಪ್ಪ, ಸೆರೆ ಸಿಕ್ಕಾಗ ಅಯೂಬರಿಂದ ವಿಶೇಷ ಸೌಲಭ್ಯದ ಮಾತು ಬಂದಿತಂತೆ. ಸೆರೆಯಾಳುಗಳೆಲ್ಲರನ್ನೂ ಒಂದೇ ರೀತಿ ನೋಡಿಕೊಳ್ಳಿ ಎಂದು ತಂದೆ ಉತ್ತರಿಸಿದ್ದನ್ನು ಕೊಡಗಿನ ಮನೆಮನೆಗಳಲ್ಲಿ ಇಂದಿಗೂ ನೆನೆಯುತ್ತಾರೆ.

ಕಾರ್ಯಪ್ಪನವರಿಗೂ ರಾಜಕೀಯದ ಆಸೆ ಇರಲಿಲ್ಲವೆನ್ನಲಾಗದು. ಆದರೆ ಅದಕ್ಕೆ ಅವರು ಆರಿಸಿಕೊಂಡದ್ದು ಮತಪೆಟ್ಟಿಗೆಯ ದಾರಿ. 1971ರಲ್ಲಿ ಮುಂಬಯಿ ಈಶಾನ್ಯ ಕ್ಷೇತ್ರದಿಂದ ಲೋಕಸಭೆಗೆ ಸ್ಪರ್ಧಿಸಿ ಸೋತರು. ಮಂತ್ರಿಪದವಿ ಅವರಿಗೆ ಒದಗಲೇ ಇಲ್ಲ. ಜನರ ತೀರ್ಪಿಗೆ ತಲೆಬಾಗಿ ಮಡಿಕೇರಿಯ 'ರೋಶನಾರ'ದಲ್ಲಿ ಬಾಳಿದರು. ನಿವೃತ್ತ ಯೋಧರ ಕ್ಷೇಮಕ್ಕಾಗಿ ದುಡಿದರು. 1986ರಲ್ಲಿ ಫೀಲ್ಡ್ ಮಾರ್ಷಲ್ ಗೌರವ ಸಂದಿತು. 1993ರ ಮೇ 15ರಂದು ಬೆಂಗಳೂರಿನಲ್ಲಿ ನಿಧನರಾದರು.

ಗಡಿನಾಡಿನವರಾದ ನಾವು ಈ ಕಥೆಯನ್ನು ನೆನೆಯಲು ಕಾರಣವಿದೆ. ಕಾರ್ಯಪ್ಪನವರು ಸೇನೆಯಿಂದ ಇಳಿದ 1953ರಲ್ಲಿಯೇ, ಅಕ್ಟೋಬರ್ 1ರಂದು, ಬಳ್ಳಾರಿ ಜಿಲ್ಲೆಯ ಭಾಗವಾಗಿದ್ದ ನಮ್ಮ ರಾಯದುರ್ಗ ತಾಲ್ಲೂಕು ಆದವಾನಿ, ಆಲೂರುಗಳೊಡನೆ ಆಂಧ್ರ ರಾಜ್ಯಕ್ಕೆ ಸೇರಿತು. ಅದರಿಂದ ನೊಂದ ಕನ್ನಡಿಗರು ಕಡಿಮೆಯಿಲ್ಲ. ಆದರೂ ಆ ಗೆರೆಯನ್ನು ಎಳೆದದ್ದು ಶಾಸನಸಭೆ, ಸಂಸತ್ತು. ಅದರ ಬಗ್ಗೆ ನಮ್ಮ ಅಹವಾಲು ಸಲ್ಲುವುದೂ ಅಲ್ಲಿಗೇ. ಕನ್ನಡ ಶಾಲೆ ಬೇಕೆಂದು ಡಿ. ಹಿರೇಹಾಳಿನ ಜನ ಮನವಿ ಹಿಡಿದು ಹೋಗುವ ಕಚೇರಿಯಲ್ಲಿ ಕೋವಿ ಕುಳಿತಿಲ್ಲ. ಸೇನಾಪತಿಯೂ ಸೋಲನ್ನು ಒಪ್ಪಿ ಮನೆಗೆ ಮರಳುವ ದೇಶದಲ್ಲಿ ಮಾತ್ರ ಗಡಿಯಂಚಿನ ಸಣ್ಣ ದನಿಗೂ ಬೆಲೆಯಿರುತ್ತದೆ.