ಓತಾದ ಲೇತುಗಳು ಮತ್ತು ಜಮೈಕದ ಹಿಮಗಾಡಿ



ಯೋಕೋಹಾಮಾದಲ್ಲಿ ಹಿಮ ಬೀಳುವುದು ವರ್ಷಕ್ಕೆ ಎಲ್ಲೋ ಒಂದೆರಡು ದಿನ. ಬಿದ್ದದ್ದೂ ಮಧ್ಯಾಹ್ನದ ಹೊತ್ತಿಗೆ ರಾಡಿಯಾಗಿರುತ್ತದೆ. ಇಂಥ ಊರಲ್ಲಿ ಕೂತು ಚಳಿಗಾಲದ ಆಟಗಳ ಬಗ್ಗೆ ಬರೆಯುತ್ತೇವೆಂದರೆ ನಿಮಗೆ ನಗು ಬರಬಹುದು. ಆದರೆ ಜಪಾನಿಗೆ ಸ್ಕೀ ಕಲಿಸಿದ ಮೇಷ್ಟ್ರು ಬಂದಿಳಿದದ್ದು ಇದೇ ಬಂದರಿನಲ್ಲಿ. ಆಸ್ಟ್ರಿಯಾ-ಹಂಗೇರಿಯ ಸೇನಾಧಿಕಾರಿ ಥಿಯೋಡೋರ್ ಫಾನ್ ಲೆರ್ಖ್ 1910ರ ನವೆಂಬರಿನಲ್ಲಿ ಇಲ್ಲಿ ಹಡಗಿಳಿದು, 1911ರ ಜನವರಿಯಲ್ಲಿ ನೀಗಾತಾ ಪ್ರಾಂತ್ಯದ ತಕಾದಾದಲ್ಲಿ ಸೈನಿಕರ ಕಾಲಿಗೆ ಸ್ಕೀ ಕಟ್ಟಿಸಿ, ಕೈಗೊಂದು ಕೋಲು ಕೊಟ್ಟ. (ಎರಡಲ್ಲ, ಒಂದೇ ಕೋಲು. ಆಗಿನ ಪದ್ಧತಿ ಅದು.)

ಇವತ್ತು ನಾವು ಹೇಳಹೊರಟಿರುವುದು ಅದಕ್ಕಿಂತ ನೂರು ವರ್ಷ ಈಚಿನ ಕಥೆ. ನಡೆದದ್ದು ಇಲ್ಲಿಂದ ಅರ್ಧ ಗಂಟೆಯ ದಾರಿಯಲ್ಲಿ. ಯೋಕೋಹಾಮಾದಿಂದ ಕೇಹಿನ್-ತೋಹೊಕು ರೈಲು ಹತ್ತಿ, ಕಾವಾಸಾಕಿ ದಾಟಿ, ತಾಮಾ ನದಿಯ ಸೇತುವೆ ಕಳೆದರೆ ಸಿಗುವುದು ಕಾಮಾತಾ ಸ್ಟೇಷನ್. ಅದು ಟೋಕಿಯೋದ ದಕ್ಷಿಣ ಅಂಚಿನ ಓತಾ ವಾರ್ಡು. ಹಾನೆದಾ ವಿಮಾನ ನಿಲ್ದಾಣ ಇರುವುದೂ ಇದೇ ವಾರ್ಡಿನಲ್ಲಿ, ಆದ್ದರಿಂದ ನಮ್ಮಲ್ಲಿ ಹಲವರು ಗೊತ್ತಿಲ್ಲದೆಯೇ ಓತಾಕ್ಕೆ ಹೋಗಿಬಂದಿದ್ದೇವೆ. ಬೆಂಗಳೂರಿನ ಪೀಣ್ಯ ಕಂಡವರಿಗೆ ಓತಾದ ಗಲ್ಲಿಗಳನ್ನು ವಿವರಿಸುವುದು ಸುಲಭ. ಕೆಳಗೆ ಲೇತು, ಮಿಲ್ಲಿಂಗ್ ಮಷಿನ್ನು, ಮೇಲೆ ಮನೆ. ಯಜಮಾನ, ಹೆಂಡತಿ, ಒಬ್ಬಿಬ್ಬರು ಕೆಲಸಗಾರರು, ಅಷ್ಟೇ. ಒಂದು ಅಂಗಡಿಯವನು ಕಡೆದದ್ದನ್ನು ಪಕ್ಕದವನು ಉಜ್ಜುತ್ತಾನೆ, ಅದರಾಚೆಯವನು ಲೇಪನ ಹಾಕುತ್ತಾನೆ. ಇದಕ್ಕೆ ಅವರು ಇಟ್ಟ ಹೆಸರು 'ನಕಾಮಾ ಮವಾಶಿ'. ಗೆಳೆಯರ ನಡುವೆ ಕೈದಾಟಿಸುವುದು ಅಂತಿಟ್ಟುಕೊಳ್ಳಿ. ಡ್ರಾಯಿಂಗ್ ಹಾಳೆಯನ್ನು ಕಾಗದದ ವಿಮಾನ ಮಾಡಿ ಓತಾದ ಮೇಲೆ ಹಾರಿಸಿದರೆ ಮರುದಿನ ಅದು ವಸ್ತುವಾಗಿ ವಾಪಸು ಬರುತ್ತದೆ ಎಂಬುದು ಇಲ್ಲಿಯವರ ಹೆಮ್ಮೆಯ ಮಾತು.

ಆ ಹೆಮ್ಮೆಗೆ ಪೆಟ್ಟು ಬಿದ್ದಿತ್ತು. 1983ರಲ್ಲಿ ಸುಮಾರು 9,000 ಇದ್ದ ಕಾರ್ಖಾನೆಗಳು 2014ರ ಹೊತ್ತಿಗೆ 4,000ಕ್ಕಿಂತ ಕೆಳಗಿಳಿದಿದ್ದವು. ಕೆಲಸ ಚೀನಾಕ್ಕೆ, ಥಾಯ್ಲೆಂಡಿಗೆ ಹೋಗಿತ್ತು. ಮಕ್ಕಳು ಆಫೀಸಿಗೆ ಹೋಗಿದ್ದರು. ಈ ಕೈಗಳು ಇನ್ನೂ ಏನು ಮಾಡಬಲ್ಲವೆಂದು ಜಗತ್ತಿಗೆ ತೋರಿಸಬೇಕೆಂದು 2011ರಲ್ಲಿ ಶುರುವಾದದ್ದೇ 'ಶಿತಾಮಾಚಿ ಬಾಬ್‌ಸ್ಲೆಡ್' ಯೋಜನೆ. ಶಿತಾಮಾಚಿ ಎಂದರೆ ಕಸುಬುದಾರರ ಪೇಟೆ. ಬಾಬ್‌ಸ್ಲೆಡ್ ಎಂದರೆ ಹಿಮಗಾಲುವೆಯಲ್ಲಿ ಇಬ್ಬರೋ ನಾಲ್ವರೋ ಕೂತು ಗಂಟೆಗೆ 130 ಕಿಲೋಮೀಟರಿಗೂ ಮಿಕ್ಕ ವೇಗದಲ್ಲಿ ಜಾರುವ ಗಾಡಿ. ಅಮೆರಿಕಕ್ಕೆ ಬಿಎಂಡಬ್ಲ್ಯು, ಇಟಲಿಗೆ ಫೆರಾರಿ ನೆರವಾದ ಕ್ಷೇತ್ರ ಇದು. ಅಲ್ಲಿ ಗೆದ್ದರೆ ಪ್ರಚಾರಕ್ಕೆ ಬೇರೆ ಏನೂ ಬೇಡ.

2012ರಲ್ಲಿ ನೂರಕ್ಕೂ ಹೆಚ್ಚು ಭಾಗಗಳ ಡ್ರಾಯಿಂಗುಗಳನ್ನು ಒಂದೆಡೆ ಹರಡಿದರು. ಅಂಗಡಿಯವರು ಬಂದು ತಮಗೆ ಒಗ್ಗುವುದನ್ನು ಆರಿಸಿಕೊಂಡು ಹೋದರು. ಮಜೂರಿ ಇಲ್ಲ! ಕಾರ್ಬನ್ ಫೈಬರಿನ ಮೈ ಮಾತ್ರ ಹೊರಗಿನಿಂದ ಬಂತು. ಅದೇ ಡಿಸೆಂಬರಿನಲ್ಲಿ ಮೊದಲ ಗಾಡಿ ನಗಾನೋದ ರಾಷ್ಟ್ರೀಯ ಸ್ಪರ್ಧೆಗೆ ಇಳಿದು, ಮಹಿಳೆಯರ ಜೋಡಿ ವಿಭಾಗದಲ್ಲಿ ಗೆದ್ದೂಬಿಟ್ಟಿತು. ಪತ್ರಿಕೆಗಳು ಕುಣಿದಾಡಿದವು.

ಇಲ್ಲಿ ಸ್ವಲ್ಪ ಭೌತಶಾಸ್ತ್ರ ಬೇಕು, ತಾಳ್ಮೆಯಿರಲಿ. ಬಾಬ್‌ಸ್ಲೆಡ್ಡಿಗೆ ಎಂಜಿನ್ನಿಲ್ಲ. ಮೊದಲ ಐವತ್ತು ಮೀಟರು ತಳ್ಳುವವರ ತೊಡೆಯ ಬಲ, ಆಮೇಲೆಲ್ಲ ಭೂಮಿಯ ಸೆಳೆತ. ಭಾರ ಹೆಚ್ಚಿದ್ದಷ್ಟೂ ಲಾಭ ಎಂದು ಯಾರೂ ಸೀಸ ತುಂಬದಂತೆ ಮಿತಿ ಹಾಕಿದ್ದಾರೆ; ಗಂಡಸರ ಜೋಡಿಗೆ ಗಾಡಿ ಸೇರಿ 390 ಕಿಲೋ. ತಡೆಯುವವು ಎರಡು: ಗಾಳಿ ಮತ್ತು ಹಿಮ. ಗಾಳಿಯ ಲೆಕ್ಕ ಕಂಪ್ಯೂಟರಿಗೆ ಸಿಕ್ಕುತ್ತದೆ, ಹಿಮದ್ದು ಅಷ್ಟು ಸುಲಭವಾಗಿ ಸಿಕ್ಕುವುದಿಲ್ಲ. ಗಾಡಿ ನಿಂತಿರುವುದು ನಾಲ್ಕು ಉಕ್ಕಿನ ರನ್ನರುಗಳ ಮೇಲೆ. ಅವುಗಳ ಅಂಚು ಚೂಪಾದರೆ ತಿರುವಿನಲ್ಲಿ ಹಿಡಿತ ಬರುತ್ತದೆ, ಆದರೆ ಹಿಮವನ್ನು ಕೊರೆದು ವೇಗ ತಿನ್ನುತ್ತದೆ. ದುಂಡಾದರೆ ಚೆನ್ನಾಗಿ ಜಾರುತ್ತದೆ, ಆದರೆ ಅಡ್ಡಡ್ಡ ಹೊರಳುತ್ತದೆ. ಬಿಸಿ ಮಾಡಿ ಮೋಸ ಮಾಡದಂತೆ ಓಟಕ್ಕೆ ಮೊದಲು ರನ್ನರಿನ ಉಷ್ಣತೆ ಅಳೆಯುತ್ತಾರೆ. ಹೊರಗಿಟ್ಟ ಮಾದರಿ ರನ್ನರಿಗಿಂತ 4 ಡಿಗ್ರಿಗಿಂತ ಹೆಚ್ಚಿದ್ದರೆ ಹೊರಗೆ. ಉಕ್ಕು ಯಾವುದಿರಬೇಕೆಂಬುದೂ ನಿಯಮದಲ್ಲಿದೆ. ಇನ್ನು ಗಾಡಿಯ ಮುಂಭಾಗ, ಹಿಂಭಾಗಗಳು ಒಂದಕ್ಕೊಂದು ತಿರುಚಿಕೊಳ್ಳುವಂತೆ ಜೋಡಣೆಯಾಗಿರುತ್ತವೆ. ಆ ಜೋಡಣೆ ಎಷ್ಟು ಬಿಗಿ, ಎಷ್ಟು ಸಡಿಲ ಇರಬೇಕೆಂಬುದನ್ನು ಯಾವ ಡ್ರಾಯಿಂಗೂ ಹೇಳುವುದಿಲ್ಲ. ಇಂಥ ಹಿಮದಲ್ಲಿ, ಇಂಥ ಚಾಲಕಿಯೊಂದಿಗೆ, ನೂರಾರು ಸಲ ಜಾರಿಸಿ ನೋಡಿಯೇ ತಿಳಿಯಬೇಕು.

ಓತಾದವರ ಕೈಯಲ್ಲಿ ಮೈಕ್ರಾನ್ ಇತ್ತು. ಇಲ್ಲದ್ದು ಹಿಮ. ನಮ್ಮ ಸಾಫ್ಟ್‌ವೇರ್ ಕಸುಬಿನಲ್ಲೂ ಇದು ಹೊಸದಲ್ಲ. ಪ್ರತಿ ಮಾಡ್ಯೂಲೂ ಪರೀಕ್ಷೆಯಲ್ಲಿ ಪಾಸು. ಒಟ್ಟುಗೂಡಿಸಿ ಗ್ರಾಹಕನ ಕೈಗೆ ಕೊಟ್ಟ ದಿನ ಮಾತ್ರ ಅವನ ಮುಖ ಗಂಟು!

ಜಪಾನಿನ ಬಾಬ್‌ಸ್ಲೆಡ್ ಒಕ್ಕೂಟ 2014ರ ಸೋಚಿ ಒಲಿಂಪಿಕ್ಸಿಗೆ ಈ ಗಾಡಿಯನ್ನು ಒಲ್ಲೆ ಎಂದಿತು. 2015ರಲ್ಲಿ ಪ್ಯೊಂಗ್‌ಚಾಂಗಿಗೂ ಒಲ್ಲೆ ಎಂದಿತು. ಸ್ವಂತ ಮನೆಯಲ್ಲೇ ಎರಡು ಸಲ ತಿರಸ್ಕಾರ. ಆಗ ಕೈಚಾಚಿದ್ದು ಜಮೈಕ. 1988ರ ಕ್ಯಾಲ್ಗರಿಯಲ್ಲಿ ಹಿಮವನ್ನೇ ಕಾಣದ ದೇಶದಿಂದ ಬಂದು ಮನಸ್ಸು ಗೆದ್ದ ತಂಡ. ಈ ಸಲ ಅವರ ಮಹಿಳೆಯರು ಮೊದಲ ಬಾರಿ ಒಲಿಂಪಿಕ್ಸಿಗೆ ಹೊರಟಿದ್ದರು. 2016ರಲ್ಲಿ ಒಪ್ಪಂದವಾಯಿತು. ಗಾಡಿ ಪುಕ್ಕಟೆ. ಹಿಮವಿಲ್ಲದ ದ್ವೀಪ, ಹಿಮವಿಲ್ಲದ ಗಲ್ಲಿ: ಸಿನಿಮಾದವರಿಗೆ ಹೇಳಿ ಮಾಡಿಸಿದ ಜೋಡಿ.

2017ರ ಡಿಸೆಂಬರಿನಲ್ಲಿ ಜರ್ಮನಿಯ ವಿಂಟರ್‌ಬೆರ್ಗ್‌ನಲ್ಲಿ ವಿಶ್ವಕಪ್ ಸುತ್ತು. ಸಾಗಣೆಯವರ ಮುಷ್ಕರದಿಂದಾಗಿ ಓತಾದ ಗಾಡಿ ಹೊತ್ತಿಗೆ ಸರಿಯಾಗಿ ತಲುಪಲಿಲ್ಲ. ತಂಡ ಬಿಟಿಸಿ ಎಂಬ ಲಾಟ್ವಿಯಾದ ಸಂಸ್ಥೆಯ ಗಾಡಿಯಲ್ಲಿ ಜಾರಿ ಏಳನೆಯ ಸ್ಥಾನ ಪಡೆಯಿತು. ಆಮೇಲೆ ಅವರು ಹಿಂತಿರುಗಿ ನೋಡಲಿಲ್ಲ. ಓತಾದ ಗಾಡಿ ನಿಧಾನ, ಸುರಕ್ಷಿತವಲ್ಲ, ತಪಾಸಣೆಯಲ್ಲಿ ನಿಂತಿಲ್ಲ ಎಂದು ಜಮೈಕದವರು ಹೇಳಿದರು. ದೋಷಗಳನ್ನು ಸರಿಪಡಿಸಿದ್ದೇವೆ, ವೇಗವೂ ಕಡಿಮೆಯಿಲ್ಲ ಎಂದು ಓತಾದವರು ಹೇಳಿದರು. 2018ರ ಫೆಬ್ರವರಿಯಲ್ಲಿ, ಒಲಿಂಪಿಕ್ಸಿನ ಹೊಸ್ತಿಲಲ್ಲಿ, ಒಪ್ಪಂದ ಮುರಿದರೆ 6 ಕೋಟಿ 80 ಲಕ್ಷ ಯೆನ್ ಪರಿಹಾರ ಕೇಳುತ್ತೇವೆಂದು ಯೋಜನೆಯವರು ಎಚ್ಚರಿಸಿದರು. ತಂಡ ಬಗ್ಗಲಿಲ್ಲ. ನಡುವೆ ಅವರ ಕೋಚ್ ಮುನಿಸಿಕೊಂಡು ಹೊರಟುಹೋದಾಗ ಜಮೈಕದ ರೆಡ್ ಸ್ಟ್ರೈಪ್ ಬಿಯರ್ ಕಂಪನಿ ದುಡ್ಡು ಕೊಟ್ಟು ಗಾಡಿ ಕೊಡಿಸಿತು. ಜಾಜ್‌ಮಿನ್ ಫೆನ್‌ಲೇಟರ್ ಮತ್ತು ಕ್ಯಾರಿ ರಸೆಲ್ ಜಾರಿದರು. ಪಟ್ಟಿಯ ತಳಕ್ಕೆ ಹತ್ತಿರದಲ್ಲೇ ಉಳಿದರು.

ಒಪ್ಪಂದ ಮುರಿದದ್ದು ಸರಿಯಲ್ಲ, ಒಪ್ಪುತ್ತೇವೆ. ಆದರೂ ಉಡುಗೊರೆ ಕೊಟ್ಟವರು ಲೆಕ್ಕದ ಚೀಟಿ ಹಿಡಿದು ಬಂದದ್ದು ನಮಗೆ ಹಿಡಿಸಲಿಲ್ಲ. ಗಂಟೆಗೆ 130 ಕಿಲೋಮೀಟರಿನಲ್ಲಿ ತಲೆಯನ್ನು ಪಣಕ್ಕಿಡುವ ಹುಡುಗಿಗೆ ಗಾಡಿಯ ಮೇಲೆ ನಂಬಿಕೆ ಬರಲಿಲ್ಲವೆಂದರೆ ಅಲ್ಲಿಗೆ ವಾದ ಮುಗಿಯಿತು. ವಿಚಿತ್ರವೆಂದರೆ, ಓತಾವನ್ನು ಸೋಲಿಸಿದ್ದು ಬಿಎಂಡಬ್ಲ್ಯುವಲ್ಲ, ಫೆರಾರಿಯಲ್ಲ. ಬಿಟಿಸಿ ಕೂಡ ರೀಗಾ ನಗರದ ಪುಟ್ಟ ಕಾರ್ಖಾನೆಯೇ, ಕೈಬೆರಳೆಣಿಕೆಯ ಜನ. ಅದಕ್ಕಿದ್ದ ಅನುಕೂಲ ಒಂದೇ: 1986ರಲ್ಲಿ ಕಟ್ಟಿದ ಸಿಗುಲ್ಡಾದ ಹಿಮಗಾಲುವೆ ಸುಮಾರು 50 ಕಿಲೋಮೀಟರ್ ದೂರದಲ್ಲಿದೆ. ಬೆಳಿಗ್ಗೆ ಜಾರಿಸಿ, ಮಧ್ಯಾಹ್ನ ಕಾರ್ಖಾನೆಗೆ ತಂದು ಉಜ್ಜಿ, ಮರುದಿನ ಮತ್ತೆ ಜಾರಿಸಬಹುದು. ದಶಕಗಳ ಕಾಲ.

ಓತಾದವರಿಗೆ ಹತ್ತಿರದ ಗಾಲುವೆಯೆಂದರೆ 1998ರ ಒಲಿಂಪಿಕ್ಸಿಗೆಂದು 1996ರಲ್ಲಿ ಮುಗಿದ ನಗಾನೋದ 'ಸ್ಪೈರಲ್'. ಉದ್ದ 1,700 ಮೀಟರು. ಎರಡು ಕಡೆ ಏರು ಹತ್ತುವ ವಿಚಿತ್ರ ದಾರಿ. ಜಪಾನಿನಲ್ಲಿ ಇದ್ದದ್ದು ಅದೊಂದೇ. ಹಿಮ ಕಟ್ಟಿಸಿ ಉಳಿಸಿಕೊಳ್ಳಲು ವರ್ಷಕ್ಕೆ 20 ಕೋಟಿ ಯೆನ್ನಿಗೂ ಮಿಕ್ಕ ಖರ್ಚು. ನಮ್ಮವರಿಗೂ ಆ ಗಾಲುವೆಯ ನಂಟಿದೆ. ಮನಾಲಿಯ ಹದಿನಾರರ ಹುಡುಗ ಶಿವ ಕೇಶವನ್ 1998ರಲ್ಲಿ ಅಲ್ಲಿಯೇ ಭಾರತದ ಮೊದಲ ಒಲಿಂಪಿಕ್ ಲೂಜ್ ಸ್ಪರ್ಧಿಯಾಗಿ, ಎರವಲು ತಂದ ಸ್ಲೆಡ್ಡಿನ ಮೇಲೆ ಮಲಗಿ ಜಾರಿ 28ನೆಯವನಾದ. ಊರಿನಲ್ಲಿ ಗಾಲುವೆಯಿಲ್ಲದೆ, ಸ್ಲೆಡ್ಡಿಗೆ ಚಕ್ರ ಹಾಕಿಕೊಂಡು ಲಾರಿ, ಕುರಿಮಂದೆಗಳ ನಡುವೆ ಹಿಮಾಲಯದ ಟಾರು ರಸ್ತೆಯಲ್ಲಿ ಅಭ್ಯಾಸ ಮಾಡಿದವನು ಅವನು. 2011ರಲ್ಲಿ ಇದೇ ನಗಾನೋದಲ್ಲಿ ಏಷ್ಯಾ ಕಪ್ ಗೆದ್ದ. 2018ರ ಫೆಬ್ರವರಿಯಲ್ಲಿ ಪ್ಯೊಂಗ್‌ಚಾಂಗಿನಲ್ಲಿ ತನ್ನ ಕೊನೆಯ ಒಲಿಂಪಿಕ್ಸ್ ಮುಗಿಸಿದ. ಓತಾದವರೂ ಜಮೈಕದವರೂ ಜಗಳವಾಡುತ್ತಿದ್ದ ಅದೇ ತಿಂಗಳು ನಗಾನೋದ ಸ್ಪೈರಲ್‌ಗೆ ಕೊನೆಯ ಸಲ ಹಿಮ ಕಟ್ಟಿದ್ದರು. ಮುಂದಿನ ಚಳಿಗಾಲ ಶೀತಲ ಯಂತ್ರಗಳನ್ನು ಚಾಲೂ ಮಾಡಲಿಲ್ಲ.